ತಯಾರಿಕಾ ವಲಯದ ಇಂದಿನ ಸ್ಥಿತಿ: ಸಣ್ಣ ಘಟಕಗಳಲ್ಲಿ ಆರ್ಡರ್ ಇದೆ, ಹಣ ಎಲ್ಲಿದೆ?

ಪೀಣ್ಯ ಎರಡನೇ ಹಂತ:

ತಯಾರಿಕಾ ವಲಯ ಚೆನ್ನಾಗಿದೆಯೇ ಎಂಬ ಪ್ರಶ್ನೆಗೆ ಪತ್ರಿಕೆಗಳಲ್ಲಿ ಸಿಗುವ ಉತ್ತರಕ್ಕೂ ನಮ್ಮ ಶೆಡ್ಡುಗಳಲ್ಲಿ ಸಿಗುವ ಉತ್ತರಕ್ಕೂ ಹೊಂದಾಣಿಕೆಯೇ ಆಗುತ್ತಿಲ್ಲ. ಅದರ ಕಾರಣವನ್ನು ಈ ವಲಯದೊಳಗೇ ಇರುವವರೊಂದಿಗೆ ಕೂತು ಯೋಚಿಸಬೇಕೆಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ನನ್ನದು ಸಿಎನ್‌ಸಿ ಟರ್ನಿಂಗ್ ಮತ್ತು ವಿಎಂಸಿ ಕೆಲಸ, ಅಂದರೆ ಕಂಪ್ಯೂಟರ್ ನಿಯಂತ್ರಿತ ಯಂತ್ರಗಳಲ್ಲಿ ಲೋಹ ಕೊರೆಯುವ ಕೆಲಸ ಮಾಡುವ ಸಣ್ಣ ಘಟಕ. ವಾಹನಗಳಿಗೆ ಹಾಗೂ ಹೈಡ್ರಾಲಿಕ್ ಪಂಪುಗಳಿಗೆ ಬೇಕಾದ ಬಿಡಿಭಾಗಗಳನ್ನು ಮಾಡಿಕೊಡುತ್ತೇವೆ.

ಮೊದಲು ದೊಡ್ಡ ಚಿತ್ರವನ್ನು ನೋಡೋಣ. 2014ರ ಸೆಪ್ಟೆಂಬರಿನಲ್ಲಿ ‘ಮೇಕ್ ಇನ್ ಇಂಡಿಯಾ’ ಘೋಷಣೆಯಾದಾಗ 2022ರೊಳಗೆ ದೇಶದ ಒಟ್ಟು ಉತ್ಪನ್ನದಲ್ಲಿ ತಯಾರಿಕೆಯ ಪಾಲನ್ನು ಶೇ. 25ಕ್ಕೆ ಏರಿಸುವ ಗುರಿ ಇತ್ತು. ಆ ಪಾಲು ಇಂದಿಗೂ ಶೇ. 16-17ರ ಆಸುಪಾಸಿನಲ್ಲೇ ಇದೆ. 2020ರಿಂದ ಬಂದ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆ, ಅಂದರೆ ಪಿಎಲ್‌ಐ, 14 ವಲಯಗಳಿಗೆ ಸುಮಾರು 1.97 ಲಕ್ಷ ಕೋಟಿ ರೂಪಾಯಿಯನ್ನು ಮೀಸಲಿಟ್ಟಿತು. ಅದರಿಂದ ಮೊಬೈಲ್ ಫೋನ್ ಜೋಡಣೆಯಂತಹ ಕ್ಷೇತ್ರಗಳು ನಿಜವಾಗಿಯೂ ಬೆಳೆದವು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ವಿಸ್ಟ್ರಾನ್ ಕಟ್ಟಿದ ಕಾರ್ಖಾನೆಯನ್ನು 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಕೊಂಡಿತು. ದೇವನಹಳ್ಳಿ ಬಳಿ ಫಾಕ್ಸ್‌ಕಾನ್ ಘಟಕ ಐಫೋನ್ ತಯಾರಿಸುತ್ತಿದೆ. ಈ ಬೆಳವಣಿಗೆಯನ್ನು ಕಡೆಗಣಿಸುವ ಉದ್ದೇಶ ನನಗಿಲ್ಲ.

ಆದರೆ ಜೋಡಣೆಯ ಕಾರ್ಖಾನೆಯೊಂದು ಬಂದ ಕೂಡಲೇ ಅದರ ಸುತ್ತಲಿನ ನೂರಾರು ಸಣ್ಣ ಘಟಕಗಳಿಗೆ ಕೆಲಸ ಸಿಗುತ್ತದೆಂಬ ನಂಬಿಕೆ ಅಷ್ಟಾಗಿ ಕೈಗೂಡಿಲ್ಲ. ಫೋನಿನ ಪರದೆ, ಚಿಪ್, ಕ್ಯಾಮೆರಾ ಇವೆಲ್ಲ ಹೊರಗಿನಿಂದಲೇ ಬರುತ್ತವೆ. ಈ ಕೊರತೆಯನ್ನು ಕೇಂದ್ರ ಸರ್ಕಾರವೂ ಗಮನಿಸಿರುವುದರಿಂದಲೇ 2025ರ ಮಾರ್ಚಿನಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗಗಳ ತಯಾರಿಕೆಗೆಂದು 22,919 ಕೋಟಿ ರೂಪಾಯಿಯ ಪ್ರತ್ಯೇಕ ಯೋಜನೆಗೆ ಒಪ್ಪಿಗೆ ನೀಡಿತು. ನಮ್ಮ ಯಂತ್ರೋಪಕರಣ ಕ್ಷೇತ್ರದ ಸ್ಥಿತಿಯೂ ಇದಕ್ಕಿಂತ ತುಂಬ ಭಿನ್ನವಲ್ಲ. ದೇಶದ ಮೆಷಿನ್ ಟೂಲ್ ತಯಾರಿಕೆಯಲ್ಲಿ ಬೆಂಗಳೂರು, ತುಮಕೂರು ಭಾಗದ ಪಾಲು ಬಹಳ ದೊಡ್ಡದು. ಹಾಗಿದ್ದರೂ ಇಲ್ಲಿ ತಯಾರಾಗುವ ಸಿಎನ್‌ಸಿ ಯಂತ್ರದೊಳಗಿನ ಕಂಟ್ರೋಲರ್ ಹೆಚ್ಚಾಗಿ ಜಪಾನಿನದು ಅಥವಾ ಜರ್ಮನಿಯದು. ಯಂತ್ರದ ಚಲನೆಯನ್ನು ನಿಖರವಾಗಿಡುವ ಬಾಲ್ ಸ್ಕ್ರೂ, ಲೀನಿಯರ್ ಗೈಡ್‌ಗಳೂ ಬಹುಮಟ್ಟಿಗೆ ಆಮದು.

ಈಗ ನನ್ನ ಮುಖ್ಯ ವಿಷಯ. ಕಳೆದ ಕೆಲವು ವರ್ಷಗಳಲ್ಲಿ ನನಗೆ ಆರ್ಡರ್‌ಗಳ ಕೊರತೆ ಎದುರಾಗಿಲ್ಲ. ಮಾಡಿಕೊಟ್ಟ ಕೆಲಸದ ಹಣ ಬರಲು ತಗಲುವ ಕಾಲವೇ ನಮ್ಮನ್ನು ಸೊರಗಿಸುತ್ತಿದೆ. ಒಂದು ಸರಳ ಲೆಕ್ಕ ಹೇಳುತ್ತೇನೆ. ತಿಂಗಳಿಗೆ 10 ಲಕ್ಷ ರೂಪಾಯಿಯ ಬಿಲ್ ಮಾಡುವ ಘಟಕಕ್ಕೆ 120 ದಿನಗಳ ನಂತರ ಹಣ ಬರುತ್ತದೆ ಎಂದುಕೊಳ್ಳೋಣ. ಯಾವುದೇ ಹೊತ್ತಿನಲ್ಲಿ 40 ಲಕ್ಷ ರೂಪಾಯಿ ಖರೀದಿದಾರರ ಬಳಿ ಉಳಿದಿರುತ್ತದೆ. ಆ ಕೊರತೆಯನ್ನು ಬ್ಯಾಂಕಿನ ಓವರ್‌ಡ್ರಾಫ್ಟ್ (ಓಡಿ) ಸಾಲದಿಂದ ಶೇ. 11ರ ಬಡ್ಡಿಗೆ ತುಂಬಿಸಿದರೆ ವರ್ಷಕ್ಕೆ 4.40 ಲಕ್ಷ ರೂಪಾಯಿ ಬಡ್ಡಿ ಕಟ್ಟಬೇಕಾಗುತ್ತದೆ. ವಾರ್ಷಿಕ 1.20 ಕೋಟಿಯ ವಹಿವಾಟಿನಲ್ಲಿ ಇದು ಶೇ. 3.7ರಷ್ಟಾಗುತ್ತದೆ. ಬಿಡಿಭಾಗಗಳ ಕೆಲಸದಲ್ಲಿ ಎಲ್ಲ ಖರ್ಚು ಕಳೆದು ಕೈಗೆ ಉಳಿಯುವುದೇ ಎಷ್ಟೆಂಬುದು ಇಲ್ಲಿರುವವರಿಗೆ ಗೊತ್ತು. ಇದರ ಮೇಲೆ ಜಿಎಸ್‌ಟಿ ಇದೆ. ಖರೀದಿದಾರರು ಹಣ ಕೊಟ್ಟಿರಲಿ, ಬಿಡಲಿ, ಬಿಲ್ ಮಾಡಿದ ಮರುತಿಂಗಳೇ ತೆರಿಗೆ ಕಟ್ಟಲೇಬೇಕು. ಅಂದರೆ ನಾವು ಇನ್ನೂ ಕಾಣದ ಹಣದ ತೆರಿಗೆಯನ್ನು ನಮ್ಮ ಕೈಯಿಂದ ಕಟ್ಟಿರುತ್ತೇವೆ.

ಹೊಸ ಯಂತ್ರ ಕೊಳ್ಳಲು, ಅಳತೆ ಪರೀಕ್ಷಿಸುವ ಸಿಎಂಎಂ ಹಾಕಿಸಿಕೊಳ್ಳಲು, ಯಂತ್ರ ಹೊಂದಿಸುವ ಒಳ್ಳೆಯ ಸೆಟ್ಟರ್‌ಗೆ ಎರಡು ಸಾವಿರ ರೂಪಾಯಿ ಹೆಚ್ಚು ಸಂಬಳ ಕೊಡಲು ಬೇಕಾದ ಹಣವೆಲ್ಲ ಹೀಗೆ ಸಿಕ್ಕಿಹಾಕಿಕೊಂಡಿರುವಾಗ ಸಣ್ಣ ಘಟಕ ಮಧ್ಯಮವಾಗುವುದು ಹೇಗೆ? ಎಲ್ಲರ ಅನುಭವವನ್ನೂ ತಿಳಿಯಬಯಸುತ್ತೇನೆ.

ಮಾಲೂರು ರಸ್ತೆ:

ನಮಸ್ಕಾರ ಸರ್. ಹಣದ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಜೋಡಣೆಯ ಕಾರ್ಖಾನೆಗಳನ್ನು ಕುರಿತ ನಿಮ್ಮ ಮಾತಿಗೆ ಒಂದು ಸೇರ್ಪಡೆ ಬೇಕೆನಿಸಿತು. ನಾನು ಡಿಪ್ಲೊಮಾ ಮುಗಿಸಿ ಕೋಲಾರದ ಕಡೆಯ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಲೈನಿನಲ್ಲಿ ಕೆಲಸ ಮಾಡಿದವಳು. ನಮ್ಮ ಊರಿನಲ್ಲಿ ಪಿಯುಸಿ ಓದಿದ ಹೆಣ್ಣುಮಕ್ಕಳಿಗೆ ಅದಕ್ಕೆ ಮೊದಲು ಇದ್ದ ದಾರಿಗಳೆಂದರೆ ಗಾರ್ಮೆಂಟ್ಸ್, ಅಂಗಡಿ ಕೆಲಸ ಅಥವಾ ಮದುವೆ. ಬಸ್ ಬಂದು ಮನೆಯ ಹತ್ತಿರ ಕರೆದುಕೊಂಡು ಹೋಗುತ್ತದೆ, ಪಿಎಫ್ ಮತ್ತು ಇಎಸ್‌ಐ ಇರುತ್ತದೆ, ತಿಂಗಳ ಸಂಬಳ ಬ್ಯಾಂಕಿಗೆ ಬರುತ್ತದೆ. ಇದನ್ನು ಚಿಕ್ಕ ಬದಲಾವಣೆ ಎಂದು ಯಾರೂ ತಿಳಿಯಬಾರದು. ಪೀಣ್ಯದ ಎಷ್ಟು ಸಣ್ಣ ಘಟಕಗಳಲ್ಲಿ ಹೆಣ್ಣುಮಕ್ಕಳಿಗೆ ಸರಿಯಾದ ಶೌಚಾಲಯವಾದರೂ ಇದೆ ಎಂದು ಕೇಳಬೇಕಾಗಿದೆ.

ಹಾಗೆಂದು ಅಲ್ಲಿ ಎಲ್ಲವೂ ಸರಿಯಿತ್ತು ಎಂದೂ ಹೇಳಲಾರೆ. ನಮ್ಮಲ್ಲಿ ಹೆಚ್ಚಿನವರನ್ನು ಸೇರಿಸಿಕೊಂಡಿದ್ದು ಗುತ್ತಿಗೆದಾರರ ಮೂಲಕ. ಕಾರ್ಖಾನೆಗಳ ವಾರ್ಷಿಕ ಸಮೀಕ್ಷೆಯ ಪ್ರಕಾರ ಈಗ ದೇಶದ ಸಂಘಟಿತ ಕಾರ್ಖಾನೆಗಳ ಕಾರ್ಮಿಕರಲ್ಲಿ ಹತ್ತಕ್ಕೆ ನಾಲ್ಕು ಮಂದಿಗಿಂತ ಹೆಚ್ಚಿನವರು ಗುತ್ತಿಗೆಯವರೇ. 2020ರ ಡಿಸೆಂಬರಿನಲ್ಲಿ ನರಸಾಪುರದಲ್ಲಿ ಸಂಬಳದ ವಿಚಾರವಾಗಿ ನಡೆದ ಗಲಾಟೆ ಎಲ್ಲರಿಗೂ ನೆನಪಿರಬಹುದು. 2023ರಲ್ಲಿ ಕಾರ್ಖಾನೆ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಿಂದ ದಿನಕ್ಕೆ 12 ಗಂಟೆಗಳವರೆಗಿನ ದುಡಿಮೆಗೂ ಹೆಣ್ಣುಮಕ್ಕಳ ರಾತ್ರಿ ಪಾಳಿಗೂ ಅವಕಾಶವಾಯಿತು. ಗುತ್ತಿಗೆಯಲ್ಲಿ ಬಂದು ಗುತ್ತಿಗೆಯಲ್ಲಿ ಹೋಗುವವರಿಗೆ ಒಂದು ಸ್ಟೇಷನ್ನಿನ ಕೆಲಸ ಬಿಟ್ಟರೆ ಬೇರೇನನ್ನೂ ಕಲಿಸುವುದಿಲ್ಲ. ವರ್ಷಗಟ್ಟಲೆ ಸ್ಕ್ರೂ ಹಾಕಿದವಳು ಹೊರಗೆ ಬಂದಾಗ ಅವಳ ಕೈಯಲ್ಲಿ ಯಾವ ಕಸುಬೂ ಇರುವುದಿಲ್ಲ. ನನ್ನ ದೂರು ಇರುವುದು ಇಲ್ಲಿ.

ಲೆಕ್ಕದ ಪುಸ್ತಕ:

ನಾನು ಸಣ್ಣ ಉದ್ದಿಮೆಗಳ ಲೆಕ್ಕಪತ್ರ ನೋಡುವ ವೃತ್ತಿಯವನು. ತಡವಾಗುವ ಪಾವತಿಯ ವಿಷಯದಲ್ಲಿ ಕಾನೂನು ಇಲ್ಲವೆಂದಲ್ಲ. ಸಾಕಷ್ಟು ಬಿಗಿಯಾದ ಕಾನೂನೇ ಇದೆ, ಅದು ಎಲ್ಲಿ ಸೋರುತ್ತಿದೆ ಎಂಬುದನ್ನು ತಿಳಿದುಕೊಂಡರೆ ಚರ್ಚೆಗೆ ಉಪಯೋಗವಾದೀತು.

2006ರ ಎಂಎಸ್‌ಎಂಇಡಿ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ) ಕಾಯ್ದೆಯ ಪ್ರಕಾರ ಅತಿಸಣ್ಣ ಮತ್ತು ಸಣ್ಣ ಘಟಕಗಳಿಗೆ ಲಿಖಿತ ಒಪ್ಪಂದವಿದ್ದರೆ ಅದರಲ್ಲಿ ಹೇಳಿದ ಅವಧಿಯೊಳಗೆ ಹಣ ಕೊಡಬೇಕು. ಆ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು, ಅದೂ ತಿಂಗಳ ಚಕ್ರಬಡ್ಡಿಯ ಲೆಕ್ಕದಲ್ಲಿ, ಕೊಡಬೇಕು. ಆ ಬಡ್ಡಿಯನ್ನು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ. ಇಂತಹ ದೂರುಗಳನ್ನು ವಿಚಾರಿಸುವ ಸೌಲಭ್ಯ ಮಂಡಳಿ ನೀಡಿದ ತೀರ್ಪನ್ನು ಖರೀದಿದಾರ ಪ್ರಶ್ನಿಸಬೇಕಾದರೆ ಮೊದಲು ಶೇ. 75ರಷ್ಟು ಮೊತ್ತವನ್ನು ಠೇವಣಿ ಇಡಬೇಕು. ಸರ್ಕಾರದ ಜಾಲತಾಣದಲ್ಲಿ ಕೂತಲ್ಲಿಂದಲೇ ದೂರು ಸಲ್ಲಿಸಬಹುದು. ಆದರೆ ನನ್ನ ಕಕ್ಷಿದಾರರು ದೂರು ಕೊಡುವುದು ಬಹುತೇಕ ಆ ಖರೀದಿದಾರರ ಜೊತೆಗಿನ ವ್ಯವಹಾರ ಮುರಿದ ಮೇಲೆಯೇ. ಮುಂದಿನ ತಿಂಗಳ ಷೆಡ್ಯೂಲ್ (ಆರ್ಡರ್ ಪಟ್ಟಿ) ಅವರಿಂದಲೇ ಬರಬೇಕಾಗಿರುವಾಗ ಅವರ ಮೇಲೆ ದೂರು ಕೊಡುವ ಧೈರ್ಯ ಯಾರಿಗಿದೆ?

ಈ ಭಯವನ್ನು ತಪ್ಪಿಸಲೆಂದೇ 2023ರ ಹಣಕಾಸು ಕಾಯ್ದೆಯ ಮೂಲಕ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಎಂಬ ಅಂಶ ಸೇರಿತು. ಅದು 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಎಂಎಸ್‌ಎಂಇಡಿ ಕಾಯ್ದೆಯ ಅವಧಿಯೊಳಗೆ ಹಣ ಕೊಡದಿದ್ದರೆ ಆ ಖರೀದಿಯನ್ನು ಹಣ ಕೊಟ್ಟ ವರ್ಷದಲ್ಲಷ್ಟೇ ಖರ್ಚಾಗಿ ತೋರಿಸಬಹುದು. ಇದರಲ್ಲಿ ದೂರು ಕೊಡುವವರೇ ಬೇಕಿಲ್ಲವಾದ್ದರಿಂದ ಇದು ಒಳ್ಳೆಯ ಹೆಜ್ಜೆ. ಅದರೊಳಗಿನ ಸಡಿಲವನ್ನೂ ನೋಡಿ. ಜೂನ್ ತಿಂಗಳ ಬಿಲ್ಲನ್ನು 200 ದಿನ ತಡಮಾಡಿ, ಮಾರ್ಚ್ 31ರೊಳಗೆ ಪಾವತಿಸಿದರೆ ಖರೀದಿದಾರನ ತೆರಿಗೆಗೆ ಯಾವ ಧಕ್ಕೆಯೂ ಇಲ್ಲ. ಹಾಗಾಗಿ ಮಾರ್ಚಿನಲ್ಲಿ ಹಣ ಹರಿದು ಬರುತ್ತದೆ, ಮೇ ತಿಂಗಳ ಹೊತ್ತಿಗೆ ಹಳೆಯ ಅಭ್ಯಾಸ ಮರಳುತ್ತದೆ. ಜೊತೆಗೆ ಈ ರಕ್ಷಣೆ ಮಧ್ಯಮ ಗಾತ್ರದ ಘಟಕಗಳಿಗೆ ಸಿಗುವುದಿಲ್ಲ.

2025ರ ಏಪ್ರಿಲ್ 1ರಿಂದ ವರ್ಗೀಕರಣದ ಮಿತಿಗಳು ಬದಲಾಗಿವೆ. ಯಂತ್ರೋಪಕರಣಗಳ ಮೇಲೆ 25 ಕೋಟಿ ಹೂಡಿಕೆ ಮತ್ತು 100 ಕೋಟಿ ವಹಿವಾಟಿನವರೆಗೆ ಈಗ ‘ಸಣ್ಣ’ ಘಟಕವೇ. ಮೊದಲು ಇದು 10 ಕೋಟಿ ಮತ್ತು 50 ಕೋಟಿ ಇತ್ತು. ಮಿತಿ ಮೀರುವ ಭಯದಿಂದ ಹಿಂಜರಿಯುತ್ತಿದ್ದ ಕೆಲವರಿಗೆ ಇದರಿಂದ ಉಸಿರಾಡಲು ಅವಕಾಶವಾಗಿದೆ. ಉದ್ಯಮ್ ನೋಂದಣಿ ಮಾಡಿಸದವರು ಇದ್ದರೆ ದಯವಿಟ್ಟು ಮಾಡಿಸಿ. ಅದಿಲ್ಲದೆ ಮೇಲಿನ ರಕ್ಷಣೆಯನ್ನು ಕೇಳುವುದು ಕಷ್ಟ.

ಉದ್ಯಮಬಾಗ್:

ಬೆಳಗಾವಿಯಿಂದ ಬರೆಯುತ್ತಿದ್ದೇನೆ. ನಮ್ಮದು ಫೌಂಡ್ರಿ. ಪೀಣ್ಯದವರು ಹೇಳಿದ ಹಣದ ತೊಂದರೆ ನಮಗೂ ಇದೆ, ಆದರೆ ನಮ್ಮಲ್ಲಿ ಅದರ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ. ಪಿಗ್ ಐರನ್, ಸ್ಕ್ರ್ಯಾಪ್ ಕೊಡುವವರು ದೊಡ್ಡವರು, ಅವರಿಗೆ ಮುಂಗಡವನ್ನೇ ಕೊಡಬೇಕು. ಎರಕ ಕೊಳ್ಳುವವರೂ ದೊಡ್ಡವರು, ಅವರು ಮೂರು ನಾಲ್ಕು ತಿಂಗಳ ನಂತರ ಕೊಡುತ್ತಾರೆ. ಮಧ್ಯದಲ್ಲಿ ಇಂಡಕ್ಷನ್ ಫರ್ನೇಸಿನ ವಿದ್ಯುತ್ ಬಿಲ್ ಮಾತ್ರ ಒಂದು ದಿನವೂ ಕಾಯುವುದಿಲ್ಲ. ನಾವು ಕರಗಿಸಲಿ, ಬಿಡಲಿ, ಮಂಜೂರಾದ ಲೋಡಿಗೆ ತಕ್ಕಂತೆ ಡಿಮಾಂಡ್ ಚಾರ್ಜ್ ಬೀಳುತ್ತಲೇ ಇರುತ್ತದೆ. 2023ರ ಜೂನಿನಲ್ಲಿ ವಿದ್ಯುತ್ ದರ ಏರಿಕೆಯ ವಿರುದ್ಧ ರಾಜ್ಯದ ಉದ್ಯಮಿಗಳು ಬಂದ್ ಮಾಡಿದ್ದು ಸುಮ್ಮನೆ ಅಲ್ಲ.

ಎರಡನೆಯ ಆತಂಕ ಮುಂದಿನ ಹತ್ತು ವರ್ಷಗಳದು. ನಮ್ಮ ಭಾಗದ ಎಷ್ಟೋ ಫೌಂಡ್ರಿಗಳು ನಿಂತಿರುವುದು ಎಂಜಿನ್‌ ಸಂಬಂಧಿತ ಎರಕದ ಮೇಲೆ. ವಿದ್ಯುತ್ ವಾಹನಕ್ಕೆ ಎಂಜಿನ್ ಬ್ಲಾಕ್ ಬೇಡ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೇಡ. ಟ್ರ್ಯಾಕ್ಟರ್, ಪಂಪು, ವಾಲ್ವ್ ಇವುಗಳ ಬೇಡಿಕೆ ಉಳಿಯುತ್ತದೆ ನಿಜ. ಆದರೆ ಅಲ್ಯೂಮಿನಿಯಂ ಎರಕಕ್ಕೆ ಹೊರಳಬೇಕಾದರೆ ಫರ್ನೇಸು, ಅಚ್ಚು, ಪರೀಕ್ಷಾ ವ್ಯವಸ್ಥೆ ಎಲ್ಲವೂ ಬೇರೆಯೇ ಬೇಕು. ಅದಕ್ಕೆ ಬಂಡವಾಳ ಹಾಕಬೇಕಾದ ಹೊತ್ತಿನಲ್ಲಿಯೇ ನಮ್ಮ ಹಣ ಬೇರೆಯವರ ಲೆಕ್ಕದಲ್ಲಿದೆ. 2025ರ ಆಗಸ್ಟಿನಲ್ಲಿ ಅಮೆರಿಕ ಭಾರತದ ಹಲವು ಸರಕುಗಳ ಮೇಲೆ ಒಟ್ಟು ಶೇ. 50ರ ಸುಂಕ ಹೇರಿದಾಗ ರಫ್ತು ಮಾಡುವ ನಮ್ಮ ಖರೀದಿದಾರರು ಮೊದಲು ಮಾಡಿದ ಕೆಲಸವೆಂದರೆ ನಮ್ಮ ಷೆಡ್ಯೂಲನ್ನು ಮುಂದಕ್ಕೆ ಹಾಕಿದ್ದು. ಜಾಗತಿಕ ವ್ಯಾಪಾರದ ಏರುಪೇರು ಕೊನೆಗೆ ಬಂದು ನಿಲ್ಲುವುದು ಮೋಲ್ಡಿಂಗ್ ಅಂಗಳದಲ್ಲಿಯೇ.

ಖರೀದಿ ವಿಭಾಗ:

ಇಲ್ಲಿ ಖರೀದಿದಾರರ ಮಾತು ಯಾರೂ ಆಡುತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಾನು ವಾಹನ ತಯಾರಕರಿಗೆ ಜೋಡಿತ ಭಾಗಗಳನ್ನು ಪೂರೈಸುವ ಮಧ್ಯಮ ಗಾತ್ರದ ಕಂಪನಿಯೊಂದರಲ್ಲಿ ಖರೀದಿ ನೋಡಿಕೊಳ್ಳುತ್ತೇನೆ. ಸಣ್ಣ ಘಟಕಗಳಿಗೆ 45 ದಿನಗಳಲ್ಲಿ ಕೊಡಬೇಕೆಂಬುದು ನ್ಯಾಯವೇ. ಆದರೆ ನಮಗೆ ಮೇಲಿನವರಿಂದ ಹಣ ಬರುವುದು 90 ದಿನಗಳ ನಂತರ, ಮತ್ತು ನಾವು ‘ಮಧ್ಯಮ’ ಆಗಿರುವುದರಿಂದ 43ಬಿ(ಎಚ್) ನಮ್ಮ ಪರವಾಗಿ ಕೆಲಸ ಮಾಡುವುದಿಲ್ಲ. ಕೆಳಗೆ ಬೇಗ ಕೊಡಬೇಕು, ಮೇಲಿನಿಂದ ತಡವಾಗಿ ಬರುತ್ತದೆ. ಈ ಅಂತರದ ಬಡ್ಡಿಯನ್ನು ಹೊರುವವರು ನಾವು.

ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕು. ಎಲ್ಲ ತಡವೂ ದುರುದ್ದೇಶದಿಂದ ಆಗುವುದಲ್ಲ. ಪರೀಕ್ಷಾ ವರದಿ ಇಲ್ಲದೆ ಬಂದ ಲಾಟ್, ಮೆಟೀರಿಯಲ್ ಸರ್ಟಿಫಿಕೇಟ್ ಇಲ್ಲದ ಬಾರ್, ಡೆಲಿವರಿ ಚಲನ್ನಿನಲ್ಲಿರುವ (ಡಿಸಿ) ಸಂಖ್ಯೆಗೂ ಬಿಲ್ಲಿನಲ್ಲಿರುವ ಸಂಖ್ಯೆಗೂ ಹೊಂದಾಣಿಕೆ ಇಲ್ಲದಿರುವುದು, ಇಂತಹ ಕಾರಣಗಳಿಂದ ನಮ್ಮ ಸ್ಟೋರ್ಸ್‌ನಲ್ಲಿ ಜಿಆರ್‌ಎನ್ (ಸರಕು ಸ್ವೀಕೃತಿ ದಾಖಲೆ) ಆಗದೆ ಬಿಲ್ಲುಗಳು ನಿಲ್ಲುತ್ತವೆ. ದಾಖಲೆ ಸರಿಯಾಗಿಟ್ಟುಕೊಳ್ಳುವ ಸಣ್ಣ ಘಟಕಗಳಿಗೆ ನಮ್ಮಲ್ಲಿ ಹಣ ಬೇಗ ಹೋಗುತ್ತದೆ.

ಟೂಲ್ ರೂಮ್ ಬೋಧಕಿ:

ಮಾಲೂರಿನ ಸೋದರಿ ಎತ್ತಿದ ಕಸುಬಿನ ಪ್ರಶ್ನೆಯನ್ನು ಹಾಗೆಯೇ ಬಿಟ್ಟು ಮುಂದೆ ಹೋಗಬಾರದು. ಬೆಂಗಳೂರಿನ ಸಣ್ಣ ಕೈಗಾರಿಕೆ ಹುಟ್ಟಿದ ಬಗೆಯನ್ನು ನೋಡಿದರೆ ಅದರ ಬೇರು ತರಬೇತಿಯಲ್ಲಿದೆ. 1953ರಲ್ಲಿ ಆರಂಭವಾದ ಎಚ್‌ಎಂಟಿ, ಅದರ ಆಸುಪಾಸಿನ ವರ್ಷಗಳಲ್ಲಿ ಬೆಳೆದ ಬಿಇಎಲ್, ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್), ಮೈಕೋ ಕಾರ್ಖಾನೆಗಳಲ್ಲಿ ಕೈ ಪಳಗಿಸಿಕೊಂಡವರು ಹೊರಬಂದು ಒಂದು ಲೇತ್, ಒಂದು ಮಿಲ್ಲಿಂಗ್ ಯಂತ್ರ ಇಟ್ಟುಕೊಂಡು ಶೆಡ್ ತೆರೆದರು. ಪೀಣ್ಯದ ಮೊದಲ ತಲೆಮಾರಿನಲ್ಲಿ ಇಂತಹವರು ಬಹಳ ಮಂದಿ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ನಾವೆಲ್ಲ ಜಿಟಿಟಿಸಿ ಎಂದು ಕರೆಯುವ ಸಂಸ್ಥೆ, ಈಗ ರಾಜ್ಯದ ಹಲವು ಊರುಗಳಲ್ಲಿ ಕೇಂದ್ರಗಳನ್ನು ಹೊಂದಿದೆ. ಅಲ್ಲಿಂದ ಬಂದ ಟೂಲ್ ಮೇಕರ್‌ಗಳಿಗೆ ಇಂದಿಗೂ ಕೆಲಸ ಹುಡುಕುವ ಕಷ್ಟವಿಲ್ಲ.

ಅಚ್ಚು ಮಾಡುವವರ ಕೊರತೆ ಮಾತ್ರ ದಿನೇದಿನೇ ಹೆಚ್ಚುತ್ತಿದೆ. ಸಿಎನ್‌ಸಿ ಯಂತ್ರಕ್ಕೆ ಬಿಲ್ಲೆ ಹಾಕಿ ಗುಂಡಿ ಒತ್ತುವುದನ್ನು ಕೆಲವೇ ವಾರಗಳಲ್ಲಿ ಕಲಿಸಬಹುದು. ಒಂದು ಪ್ರೆಸ್ ಟೂಲ್‌ನಲ್ಲಿ ಪಂಚಿಗೂ ಡೈಗೂ ನಡುವಿನ ಅಂತರ ಎಷ್ಟಿರಬೇಕು, ಹೀಟ್ ಟ್ರೀಟ್‌ಮೆಂಟ್ ಆದ ಮೇಲೆ ಉಕ್ಕು ಎತ್ತ ಬಾಗೀತು, ಅಂಚಿನಲ್ಲಿ ಚೂಪು (ಬರ್) ಏಕೆ ಬರುತ್ತಿದೆ ಎಂಬುದನ್ನು ನೋಡಿದ ಕೂಡಲೇ ಹೇಳುವ ಕಣ್ಣು ಬೆಳೆಯಲು ವರ್ಷಗಳೇ ಬೇಕು. ಅಷ್ಟು ವರ್ಷ ಒಬ್ಬ ಹುಡುಗ ಅಥವಾ ಹುಡುಗಿ ಒಂದೇ ಕಡೆ ನಿಲ್ಲಬೇಕಾದರೆ ಅವರಿಗೆ ಅಲ್ಲೊಂದು ಭವಿಷ್ಯ ಕಾಣಬೇಕು. ಸಣ್ಣ ಘಟಕದ ಮಾಲೀಕರು ಆರಂಭದಲ್ಲಿ ಕೊಡಬಲ್ಲ ಸಂಬಳವನ್ನು ನಗರದಲ್ಲಿ ಪಾರ್ಸೆಲ್ ತಲುಪಿಸಿಯೂ ಗಳಿಸಬಹುದಾಗಿರುವಾಗ ಮಕ್ಕಳು ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂಬುದರಲ್ಲಿ ಆಶ್ಚರ್ಯವಿಲ್ಲ.

ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯದ 150 ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳಿಗೆ (ಐಟಿಐ) ಹೊಸ ಯಂತ್ರಗಳನ್ನು ತಂದಿದೆ. ಇದು ಸ್ವಾಗತಾರ್ಹ. ಯಂತ್ರಗಳ ಜೊತೆಗೆ ಅವುಗಳ ಮೇಲೆ ದಿನವಿಡೀ ಅಭ್ಯಾಸ ಮಾಡಲು ಬೇಕಾದ ಕಚ್ಚಾವಸ್ತು, ಲೋಹ ಕತ್ತರಿಸುವ ಅಲಗುಗಳಾದ ಇನ್ಸರ್ಟ್‌ಗಳು, ಅನುಭವಿ ಬೋಧಕರು ಇವೆಲ್ಲಕ್ಕೂ ಪ್ರತಿವರ್ಷ ಹಣ ಬೇಕಾಗುತ್ತದೆ ಎಂಬುದನ್ನು ಮರೆಯಬಾರದು. ಒಬ್ಬ ವಿದ್ಯಾರ್ಥಿ ಕೆಲವು ಇನ್ಸರ್ಟ್‌ಗಳನ್ನು ಮುರಿಯದೆ ಕೆಲಸ ಕಲಿಯಲಾರ.

ಪೀಣ್ಯ ಎರಡನೇ ಹಂತ:

ಎಲ್ಲರಿಗೂ ಧನ್ಯವಾದ. ಮಾಲೂರಿನವರು ಕೇಳಿದ ಶೌಚಾಲಯದ ಪ್ರಶ್ನೆಗೆ ನಮ್ಮ ಬೀದಿಯ ಹೆಚ್ಚಿನ ಘಟಕಗಳ ಬಳಿ ಉತ್ತರವಿಲ್ಲ ಎಂಬುದು ಸತ್ಯ. ಬಾಡಿಗೆಯ ಶೆಡ್ಡುಗಳನ್ನು ಒಡೆದು ಮೂರು ನಾಲ್ಕು ಭಾಗ ಮಾಡಿ ಕೊಟ್ಟಿರುವಲ್ಲಿ ಜಾಗವೇ ಇರುವುದಿಲ್ಲ. ಕೈಗಾರಿಕಾ ಪ್ರದೇಶಗಳಲ್ಲಿ ಬೀದಿಗೊಂದರಂತೆ ಸಾಮೂಹಿಕ ಶೌಚಾಲಯ ಮತ್ತು ಶಿಶುಪಾಲನಾ ಕೇಂದ್ರ ಕಟ್ಟಿಸುವುದು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಗೆ (ಕೆಐಎಡಿಬಿ) ಅಸಾಧ್ಯವಾದ ಖರ್ಚಲ್ಲ ಎಂದು ನನ್ನ ಅಭಿಪ್ರಾಯ.

ಖರೀದಿ ವಿಭಾಗದವರ ಮಾತಿನ ಮೊದಲರ್ಧವನ್ನು ಪೂರ್ತಿಯಾಗಿ ಒಪ್ಪುತ್ತೇನೆ. 45 ದಿನಗಳ ನಿಯಮ ಕೆಳಗಿನ ಮೆಟ್ಟಿಲಿಗೆ ಮಾತ್ರ ಅನ್ವಯವಾಗುವವರೆಗೂ ಮಧ್ಯದಲ್ಲಿರುವವರು ಒತ್ತಡದಲ್ಲೇ ಇರುತ್ತಾರೆ. ಸರಪಳಿಯ ತುದಿಯಲ್ಲಿರುವ ದೊಡ್ಡ ತಯಾರಕರು ಮತ್ತು ಸಾರ್ವಜನಿಕ ಉದ್ದಿಮೆಗಳು ಮೊದಲು ಕೊಡಲಿ, ಉಳಿದದ್ದು ತಾನಾಗಿಯೇ ಸಡಿಲವಾಗುತ್ತದೆ. ಎರಡನೆಯ ಅರ್ಧದ ಬಗ್ಗೆ ಮಾತ್ರ ನನ್ನ ತಕರಾರಿದೆ. ದಾಖಲೆ ಸರಿಯಿಲ್ಲವೆಂದು ಮೂರನೆಯ ದಿನವೇ ತಿಳಿಸಿದರೆ ನಾಲ್ಕನೆಯ ದಿನ ಸರಿಪಡಿಸಿ ಕೊಡುತ್ತೇವೆ. ಹಣ ಕೇಳಲು ಹೋದಾಗ, ಭಾಗಗಳು ಆಗಲೇ ಜೋಡಣೆಯಾಗಿ ಗಾಡಿ ರಸ್ತೆಗಿಳಿದ ಮೇಲೆ, ಆ ಲಾಟಿನ ಜಿಆರ್‌ಎನ್ ಇನ್ನೂ ಆಗಿಲ್ಲ ಎಂದರೆ ಅದನ್ನು ದಾಖಲೆಯ ದೋಷವೆನ್ನಲು ಆಗುವುದಿಲ್ಲ.

ಲೆಕ್ಕದ ಪುಸ್ತಕದವರಲ್ಲಿ ಎರಡು ಪ್ರಶ್ನೆಗಳು. 45 ದಿನಗಳನ್ನು ಎಣಿಸುವುದು ಯಾವ ದಿನದಿಂದ? ಟ್ರೆಡ್ಸ್ ವೇದಿಕೆ ನಮ್ಮಂತಹ ಘಟಕಗಳಿಗೆ ನಿಜವಾಗಿ ಉಪಯೋಗವಾಗುತ್ತದೆಯೇ?

ಲೆಕ್ಕದ ಪುಸ್ತಕ:

ಮೊದಲನೆಯದಕ್ಕೆ ಉತ್ತರ: ಸರಕನ್ನು ಸ್ವೀಕರಿಸಿದ ದಿನದಿಂದ. ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತವಾಗಿ ಆಕ್ಷೇಪ ಎತ್ತದಿದ್ದರೆ ತಲುಪಿದ ದಿನವನ್ನೇ ಸ್ವೀಕರಿಸಿದ ದಿನವೆಂದು ಕಾನೂನು ಭಾವಿಸುತ್ತದೆ. ಆಕ್ಷೇಪ ಎತ್ತಿದ್ದರೆ, ನೀವು ಅದನ್ನು ಸರಿಪಡಿಸಿದ ದಿನದಿಂದ ಎಣಿಕೆ. ಜಿಆರ್‌ಎನ್ ಎಂಬುದು ಅವರ ಒಳಗಿನ ದಾಖಲೆಯಷ್ಟೆ. ಅದು ತಡವಾಯಿತೆಂಬ ಕಾರಣಕ್ಕೆ ನಿಮ್ಮ ಗಡುವು ಮುಂದಕ್ಕೆ ಹೋಗುವುದಿಲ್ಲ. ಆದ್ದರಿಂದ ಅವರ ಗೇಟಿನಲ್ಲಿ ತಾರೀಖಿನ ಸಮೇತ ಮುದ್ರೆ ಬಿದ್ದ ಡಿಸಿಯ ಪ್ರತಿ ನಿಮ್ಮ ಬಳಿ ಇರಲೇಬೇಕು. ಡ್ರೈವರ್ ಕೈಯಲ್ಲಿ ಬಂದ ಆ ಹಾಳೆಯನ್ನು ಹೆಚ್ಚಿನವರು ಕಳೆದುಕೊಂಡಿರುತ್ತಾರೆ.

ಎರಡನೆಯದು ಸ್ವಲ್ಪ ಉದ್ದದ ಮಾತು. ಟ್ರೆಡ್ಸ್ ವೇದಿಕೆಯಲ್ಲಿ ನಿಮ್ಮ ಬಿಲ್ಲನ್ನು ಖರೀದಿದಾರರು ಒಪ್ಪಿದ ಮೇಲೆ ಬ್ಯಾಂಕುಗಳು ಅದಕ್ಕೆ ಹರಾಜಿನಲ್ಲಿ ದರ ಹೇಳುತ್ತವೆ. ನೀವು ಒಪ್ಪಿದರೆ ಬಡ್ಡಿ ಕಳೆದು ಹಣ ಬೇಗನೆ ಖಾತೆಗೆ ಬರುತ್ತದೆ. ಗಡುವಿನ ದಿನ ಖರೀದಿದಾರರು ಬ್ಯಾಂಕಿಗೆ ಕೊಡುತ್ತಾರೆ. ಅವರು ಕೊಡದಿದ್ದರೆ ಬ್ಯಾಂಕ್ ನಿಮ್ಮ ಬಳಿ ಬರುವಂತಿಲ್ಲ. ದರ ನಿಗದಿಯಾಗುವುದು ದೊಡ್ಡ ಕಂಪನಿಯ ಯೋಗ್ಯತೆಯ ಮೇಲಾದ್ದರಿಂದ ಅದು ಸಾಮಾನ್ಯವಾಗಿ ನಿಮ್ಮ ಓಡಿ ದರಕ್ಕಿಂತ ಕಡಿಮೆ ಇರುತ್ತದೆ. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು 2025ರ ಮಾರ್ಚ್ 31ರೊಳಗೆ ಇದರಲ್ಲಿ ಸೇರಬೇಕೆಂದು ಕೇಂದ್ರ ಆದೇಶಿಸಿತ್ತು. ಆದರೆ ಸೇರುವುದು ಬೇರೆ, ಬಂದ ಬಿಲ್ಲನ್ನು ಒಪ್ಪುವುದು ಬೇರೆ. ಒಪ್ಪಿಗೆಗೆ ಕಡ್ಡಾಯ ಗಡುವು ಇಲ್ಲದಿರುವುದೇ ಇಂದಿನ ತೊಡಕು. ಉದ್ಯಮಿಗಳ ಸಂಘಗಳು ಮುಂದಿನ ಬಜೆಟ್ಟಿಗೆ ಮನವಿ ಕೊಡುವಾಗ ಸಹಾಯಧನವನ್ನು ಕೇಳುವುದಕ್ಕಿಂತ ಈ ಒಂದು ಗಡುವನ್ನು ಕೇಳುವುದು ಹೆಚ್ಚು ಫಲಕಾರಿ.

ಉದ್ಯಮಬಾಗ್:

ಡಿಸಿಯ ವಿಷಯ ತಿಳಿಸಿದ್ದಕ್ಕೆ ಧನ್ಯವಾದ ಸರ್. ನಮ್ಮ ಸಂಘದ ಮುಂದಿನ ಸಭೆಯಲ್ಲಿ ಟ್ರೆಡ್ಸ್ ಒಪ್ಪಿಗೆಯ ಗಡುವನ್ನು ಮನವಿಯಲ್ಲಿ ಸೇರಿಸುವಂತೆ ಕೇಳುತ್ತೇನೆ. ಪೀಣ್ಯದವರೂ ತಮ್ಮ ಸಂಘದಲ್ಲಿ ಇದನ್ನೇ ಎತ್ತಿದರೆ ಸಣ್ಣ ಕೈಗಾರಿಕೆಗಳ ರಾಜ್ಯಮಟ್ಟದ ಸಂಘವಾದ ಕಾಸಿಯಾದ ಮೂಲಕ ಒಂದೇ ಬೇಡಿಕೆಯಾಗಿ ಕಳುಹಿಸಬಹುದು. ಕರಡನ್ನು ಇಲ್ಲಿಯೇ ಹಾಕುತ್ತೇನೆ, ತಿದ್ದುವವರು ತಿದ್ದಿ.